ಎಲ್‌ಇಡಿ ದೀಪಕ್ಕೆ ಡಿಮ್ಮರ್ ಹಾಕಿದರೆ ಮಿಟುಕುವುದೇಕೆ? (ಪ್ರಶ್ನೋತ್ತರ)

ಪ್ರಶ್ನೆ (ದಾವಣಗೆರೆಯಿಂದ, ಮನೆ ಕಟ್ಟಿಸುತ್ತಿರುವವರು):
ಸರ್, ನಮಸ್ಕಾರ. ಹಾಲ್‌ನಲ್ಲಿ 9 ವ್ಯಾಟ್‌ನ ಆರು ಡೌನ್‌ಲೈಟ್ ಹಾಕಿಸಿದ್ದೇವೆ. ಟಿವಿ ನೋಡುವಾಗ ಬೆಳಕು ಇಳಿಸಿಕೊಳ್ಳೋಣ ಅಂತ ಬೋರ್ಡ್‌ಗೆ 400 ವ್ಯಾಟ್‌ನ ನಾಬ್ ಡಿಮ್ಮರ್ ಕೂರಿಸಿದೆವು. ಪೂರ್ತಿ ತಿರುಗಿಸಿದರೆ ಚೆನ್ನಾಗಿ ಉರಿಯುತ್ತೆ. ಅರ್ಧಕ್ಕೆ ತಂದರೆ ಪಟಪಟ ಮಿಟುಕುತ್ತೆ, ಡಿಮ್ಮರ್ ಗುಂಯ್ ಅನ್ನುತ್ತೆ. ಇನ್ನೂ ಇಳಿಸಿದರೆ ಎರಡು ದೀಪ ಆರಿ ನಾಲ್ಕು ಮಾತ್ರ ಉರಿಯುತ್ತವೆ. ವೈರ್‌ಮನ್ ಕೇಳಿದರೆ ‘ವೋಲ್ಟೇಜ್ ಪ್ರಾಬ್ಲಂ, ಸ್ಟೆಬಿಲೈಜರ್ ಹಾಕಿಸಿ’ ಅಂತಾರೆ. ಡಿಮ್ಮರ್ ಬದಲಾಯಿಸಬೇಕಾ, ದೀಪ ಬದಲಾಯಿಸಬೇಕಾ? ಫಾಲ್ಸ್ ಸೀಲಿಂಗ್ ಒಂದು ಕಡೆ ಇನ್ನೂ ಮುಚ್ಚಿಲ್ಲ.

ಉತ್ತರ (ಲೈಟಿಂಗ್ ಎಂಜಿನಿಯರ್):
ಸ್ಟೆಬಿಲೈಜರ್‌ಗೆ ದುಡ್ಡು ಸುರಿಯಬೇಡಿ. ಆ ಡಿಮ್ಮರ್ ಹುಟ್ಟಿದ್ದೇ ಹಳೇ ಬುರುಡೆ ಬಲ್ಬಿಗಾಗಿ. ನೀವು ಅದಕ್ಕೆ ಎಲ್‌ಇಡಿ ಡ್ರೈವರ್ (ದೀಪಕ್ಕೆ ಬೇಕಾದ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್) ಕೊಟ್ಟಿದ್ದೀರಿ, ಎರಡಕ್ಕೂ ಹೊಂದಾಣಿಕೆ ಇಲ್ಲ.

ನಾಬ್ ಹಿಂದೆ ಮುಖ್ಯವಾಗಿ ಇರೋದು ಒಂದು ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್), ಅದನ್ನು ಆನ್ ಮಾಡುವ ಒಂದು ಡಯಾಕ್, ಒಂದು ಪಾಟ್ (ನಾಬ್ ತಿರುಗಿಸಿದರೆ ಬದಲಾಗುವ ರೆಸಿಸ್ಟರ್), ಒಂದು ಕೆಪಾಸಿಟರ್. ನಮ್ಮ ಕರೆಂಟ್ 50 ಹರ್ಟ್ಝ್, ಅಂದರೆ 10 ಮಿಲಿಸೆಕೆಂಡಿಗೆ ಒಂದು ಅರ್ಧ ಅಲೆ. ಪ್ರತಿ ಅರ್ಧ ಅಲೆಯ ಶುರುವಿನಲ್ಲಿ ಟ್ರಯಾಕ್ ಆಫ್. ಪಾಟ್ ಮೂಲಕ ಕೆಪಾಸಿಟರ್ ತುಂಬುತ್ತಾ ಹೋಗಿ ಸುಮಾರು 30 ವೋಲ್ಟ್ ದಾಟಿದಾಗ ಡಯಾಕ್ ಹೊಡೆಯುತ್ತದೆ, ಟ್ರಯಾಕ್ ಆನ್ ಆಗುತ್ತದೆ. ನಾಬ್ ತಿರುಗಿಸಿದಂತೆ ಈ ಆನ್ ಆಗುವ ಗಳಿಗೆ ಹಿಂದೆ ಮುಂದೆ ಸರಿಯುತ್ತದೆ, ಅಷ್ಟೇ.

ಆದರೆ ಆನ್ ಆದ ಟ್ರಯಾಕ್ ಆನ್ ಆಗಿಯೇ ಉಳಿಯಬೇಕಾದರೆ ಅದರಲ್ಲಿ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇರಬೇಕು. 100 ವ್ಯಾಟ್ ಬುರುಡೆ ಬಲ್ಬ್ 0.4 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತಿತ್ತು, ಅದೂ ಅಲೆ ಮುಗಿಯುವವರೆಗೆ. ನಿಮ್ಮ ಒಂದು ಡೌನ್‌ಲೈಟ್‌ನ 9 ವ್ಯಾಟ್ ಅಂದರೆ ಲೆಕ್ಕಕ್ಕೆ 40 ಮಿಲಿಆಂಪ್. ಸಾಮಾನ್ಯ ಡ್ರೈವರ್‌ನೊಳಗೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ), ಅದರ ಹಿಂದೆ ಕೆಪಾಸಿಟರ್. ಅದು ಅಲೆಯ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ಎಳೆದು ಸುಮ್ಮನಾಗುತ್ತದೆ. ಕರೆಂಟ್ ನಿಂತ ಕೂಡಲೇ ಟ್ರಯಾಕ್ ಆಫ್. ಕೆಲವು ಸಲ ಮತ್ತೆ ಹೊಡೆಯುತ್ತದೆ, ಕೆಲವು ಸಲ ಇಲ್ಲ. ಆ ಏರುಪೇರೇ ನಿಮಗೆ ಕಾಣುವ ಮಿಟುಕು. ಅರ್ಧಕ್ಕೆ ತಂದಾಗ ಅದು ಹೊಡೆಯುವುದು ನೆತ್ತಿಯ ಆಸುಪಾಸಿನಲ್ಲಿ. ಸೊನ್ನೆಯಿಂದ ಒಮ್ಮೆಲೇ 300 ವೋಲ್ಟ್ ಮೇಲಕ್ಕೆ ಜಿಗಿತ (230 ವೋಲ್ಟ್‌ನ ನೆತ್ತಿ 325). ಡಿಮ್ಮರ್‌ನೊಳಗಿನ ಚೋಕ್ ಗುಂಯ್ ಅನ್ನುವುದು ಆ ಏಟಿಗೆ.

ಎರಡು ಆರಿ ನಾಲ್ಕು ಉಳಿಯುವುದೂ ಇದೇ ಕಥೆ. ಮಾಮೂಲಿ ಡ್ರೈವರ್‌ನ ಕೆಲಸವೇ ಹೊರಗಿನ ವೋಲ್ಟೇಜ್ ಬಿದ್ದರೂ ಎಲ್‌ಇಡಿಯ ಕರೆಂಟ್ ಕದಲದಂತೆ ನೋಡಿಕೊಳ್ಳುವುದು. ನೀವು ಇಳಿಸುತ್ತೀರಿ, ಅದು ಹಟ ಹಿಡಿದು ಬೆಳಕು ಕಾಯುತ್ತದೆ, ಕೊನೆಗೆ ಕೈ ಚೆಲ್ಲುತ್ತದೆ. ಕೈ ಚೆಲ್ಲುವ ವೋಲ್ಟೇಜ್ ಒಂದೊಂದಕ್ಕೆ ಒಂದೊಂದು.

ಹಾಗಾಗಿ ಮೊದಲು ದೀಪದ ಡ್ರೈವರ್, ಆಮೇಲೆ ಡಿಮ್ಮರ್. ‘ಡಿಮ್ಮಬಲ್’ ಅಂತ ಸ್ಪಷ್ಟವಾಗಿ ಬರೆದಿರುವ ಡ್ರೈವರ್ ತನ್ನೊಳಗೇ ಬ್ಲೀಡರ್ ಇಟ್ಟುಕೊಂಡು ಟ್ರಯಾಕ್‌ಗೆ ಬೇಕಾದ ಕರೆಂಟ್ ಎಳೆಯುತ್ತದೆ, ಅಲೆ ಎಷ್ಟು ಕತ್ತರಿಸಿದೆ ಅಂತ ನೋಡಿ ಎಲ್‌ಇಡಿ ಕರೆಂಟ್ ತಗ್ಗಿಸುತ್ತದೆ. ಡಿಮ್ಮರ್ ಬದಲಾಯಿಸುವುದಾದರೆ ಟ್ರೇಲಿಂಗ್ ಎಡ್ಜ್ ತಗೊಳ್ಳಿ. ಅದರಲ್ಲಿ ಟ್ರಯಾಕ್ ಬದಲು ಮಾಸ್ಫೆಟ್ (ಬೇಕೆಂದಾಗ ಆನ್ ಆಫ್ ಮಾಡಬಹುದಾದ ಟ್ರಾನ್ಸಿಸ್ಟರ್). ಅಲೆಯ ಜೊತೆಗೇ ಸೊನ್ನೆಯಿಂದ ಆನ್ ಆಗಿ ನಡುವೆ ಕತ್ತರಿಸುತ್ತದೆ, ಜಿಗಿತ ಇಲ್ಲ. ಡಬ್ಬಿ ಮೇಲಿನ 400 ವ್ಯಾಟ್ ಬುರುಡೆ ಬಲ್ಬಿನ ಲೆಕ್ಕ, ಎಲ್‌ಇಡಿಗೆ ಅದಕ್ಕಿಂತ ಬಹಳ ಕಡಿಮೆ ಬರೆದಿರುತ್ತಾರೆ; ಕನಿಷ್ಠ ಲೋಡ್ ಎಷ್ಟು ಅನ್ನುವುದನ್ನೂ ಓದಿ.

ಆದರೆ ಸೀಲಿಂಗ್ ಇನ್ನೂ ತೆರೆದಿದೆ ಅಂದಿರಲ್ಲ? ನಾನಾಗಿದ್ದರೆ ಮುಚ್ಚಿರುವ ಕಡೆಯೂ ದೀಪದ ತೂತಿನಿಂದ ಎಳೆದು, ಬೋರ್ಡ್‌ನಿಂದ ಆರೂ ದೀಪಕ್ಕೆ ಇನ್ನೆರಡು ವೈರ್ ಹಾಕಿಸಿ 0-10 ವೋಲ್ಟ್ ಡ್ರೈವರ್‌ಗೆ ಹೋಗುತ್ತಿದ್ದೆ. ಆ ಎರಡು ವೈರ್‌ನ ಸಣ್ಣ ವೋಲ್ಟೇಜ್ ನೋಡಿ ಡ್ರೈವರ್ ಬೆಳಕು ಏರಿಳಿಸುತ್ತದೆ, 230 ವೋಲ್ಟ್ ಕತ್ತರಿಸುವ ರಗಳೆಯೇ ಇರುವುದಿಲ್ಲ.

ಪ್ರಶ್ನೆ (ಅವರದೇ):
ತುಂಬಾ ಥ್ಯಾಂಕ್ಸ್ ಸರ್. 0-10 ಹಾಕಿದರೆ ನಾಬ್ ಸೊನ್ನೆಗೆ ತಂದಾಗ ದೀಪ ಆರುತ್ತಾ? ಡಾಲಿ ಅಂತಲೂ ಅಂಗಡಿಯಲ್ಲಿ ಹೇಳಿದರು.

ಉತ್ತರ:
ಬಹಳಷ್ಟು ಡ್ರೈವರ್‌ಗಳಲ್ಲಿ ಕನಿಷ್ಠಕ್ಕೆ ಇಳಿದು ನಿಲ್ಲುತ್ತದೆ, ಆರುವುದಿಲ್ಲ. ಫೇಸ್‌ಗೆ ಮಾಮೂಲಿ ಸ್ವಿಚ್ ಇದ್ದೇ ಇರಲಿ. ಆ ಎರಡು ವೈರ್‌ಗೆ ವೋಲ್ಟೇಜ್ ಕೊಡುವುದು ಡ್ರೈವರೇ, ನಾಬ್ ಅದನ್ನು ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ವೈರ್ ಎಲ್ಲಾದರೂ ಬಿಟ್ಟುಹೋದರೆ ದೀಪ ಫುಲ್, ಶಾರ್ಟ್ ಆದರೆ ಕನಿಷ್ಠ. ನಾಳೆ ತೊಂದರೆ ಬಂದಾಗ ಇದೊಂದು ನೆನಪಿದ್ದರೆ ಅರ್ಧ ರಿಪೇರಿ ಆದಂತೆ. ಪ್ಲಸ್ ಮೈನಸ್ ಅದಲುಬದಲಾಗಬಾರದು. 230 ವೋಲ್ಟ್ ವೈರ್ ಇರುವ ಪೈಪಿನಲ್ಲೇ ತೂರಿಸಬೇಡಿ, ಬೇರೆ ಪೈಪ್ ಇರಲಿ.

ಡಾಲಿ ಡಿಜಿಟಲ್. ಐಇಸಿ 62386 ಮಾನದಂಡದ ಪ್ರಕಾರ ಒಂದೇ ಜೋಡಿ ವೈರ್‌ನಲ್ಲಿ 64 ಡ್ರೈವರ್‌ವರೆಗೆ ಒಂದೊಂದನ್ನೂ ವಿಳಾಸ ಹಿಡಿದು ಕರೆಯಬಹುದು. ಆಫೀಸು, ಸಭಾಂಗಣಕ್ಕೆ ಸರಿ. ಆರು ದೀಪಕ್ಕೆ ಅತಿಯಾಯಿತು.

ಪ್ರಶ್ನೆ (ಹುಬ್ಬಳ್ಳಿಯಿಂದ, ವೈರ್‌ಮನ್):
ಸರ್, ನಮ್ಮ ಕಡೆ ಭಾಳ ಮಂದಿ ಫ್ಯಾನ್ ರೆಗ್ಯುಲೇಟರನ್ನ ಲೈಟಿಗೆ ಹಾಕ್ರಿ ಅಂತಾರ. ನಡೀತೈತೇನ್ರಿ?

ಉತ್ತರ:
ಬೇಡಣ್ಣ. ಈಗಿನ ಸ್ಟೆಪ್ ರೆಗ್ಯುಲೇಟರ್‌ನೊಳಗೆ ಸೀರೀಸ್‌ನಲ್ಲಿ ಕೆಪಾಸಿಟರ್ ಇರುತ್ತದೆ. ಫ್ಯಾನ್‌ಗೆ ಸರಿ. ಎಲ್‌ಇಡಿ ಅಷ್ಟು ಕಡಿಮೆ ಕರೆಂಟ್ ಎಳೆಯುವುದರಿಂದ ಮೇಲಿನ ಸ್ಟೆಪ್‌ಗಳಲ್ಲಿ ಬೆಳಕು ಇಳಿಯುವುದೇ ಇಲ್ಲ. ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ ಹಾಕಬೇಡಿ, ಡ್ರೈವರ್ ಸುಟ್ಟರೆ ಬೈಸಿಕೊಳ್ಳುವವರು ನೀವೇ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ):
ಸರ್, ಅಕ್ಕನ ಮನೆಯ ಕೋವ್‌ಗೆ (ಸೀಲಿಂಗ್ ಅಂಚಿನ ಗೂಡಿಗೆ) 24 ವೋಲ್ಟ್ ಸ್ಟ್ರಿಪ್, 5 ಮೀಟರ್, ಮೀಟರಿಗೆ 14.4 ವ್ಯಾಟ್. ಆರ್ಡುಯಿನೊ ಊನೊ (ಮೈಕ್ರೊಕಂಟ್ರೋಲರ್ ಬೋರ್ಡ್), ಐಆರ್‌ಎಫ್540ಎನ್ ಮಾಸ್ಫೆಟ್ ಇಟ್ಟು ಪಿಡಬ್ಲ್ಯೂಎಂ (ಬೇಗ ಬೇಗ ಆನ್ ಆಫ್ ಮಾಡಿ ಬೆಳಕು ಇಳಿಸುವುದು) ಮಾಡಿದೆ. ಫುಲ್ ಬ್ರೈಟ್ ಬರ್ತಿಲ್ಲ, ಮಾಸ್ಫೆಟ್ ಕೈ ಸುಡುತ್ತೆ. ಮೊಬೈಲ್ ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡುತ್ತವೆ. ತೀರಾ ಕಡಿಮೆ ಬೆಳಕಿನಲ್ಲಿ ನಾಬ್ ತಿರುಗಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತೆ.

ಉತ್ತರ:
ಒಳ್ಳೆ ಪ್ರಶ್ನೆ ತಮ್ಮಾ. 72 ವ್ಯಾಟ್, ಅಂದರೆ 3 ಆಂಪಿಯರ್. ಐಆರ್‌ಎಫ್540ಎನ್ ಪೂರ್ತಿ ತೆರೆಯಲು ಗೇಟಿಗೆ (ಅದನ್ನು ಆನ್ ಆಫ್ ಮಾಡುವ ಕಾಲಿಗೆ) 10 ವೋಲ್ಟ್ ಬೇಕು, ನೀನು ಕೊಡುತ್ತಿರುವುದು 5. ಅದು ಅರೆಬರೆ ತೆರೆದು ಆ 3 ಆಂಪಿಯರನ್ನು ಶಾಖ ಮಾಡುತ್ತಿದೆ. ಲಾಜಿಕ್ ಲೆವೆಲ್‌ನ, ಅಂದರೆ 5 ವೋಲ್ಟಿಗೇ ತೆರೆಯುವ ಐಆರ್‌ಎಲ್‌ಝಡ್44ಎನ್ ಹಾಕು. ಗೇಟಿಗೆ 150 ಓಮ್ ಸೀರೀಸ್, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಈ 10 ಕಿಲೋಓಮ್ ಬಿಟ್ಟರೆ ಬೋರ್ಡ್ ರೀಸೆಟ್ ಆಗುವಾಗ ಗೇಟ್ ತೇಲಿ ದೀಪ ಮನಸೋಇಚ್ಛೆ ಮಿನುಗುತ್ತದೆ. ಸಪ್ಲೈ ಮೈನಸ್, ಊನೊ ಗ್ರೌಂಡ್ ಎರಡೂ ಸೇರಿರಲಿ.

ಕಪ್ಪು ಪಟ್ಟಿ ಬರುವುದು ಫ್ರೀಕ್ವೆನ್ಸಿಯಿಂದ. ಊನೊದ ಅನಲಾಗ್‌ರೈಟ್ ಬಹುತೇಕ ಪಿನ್‌ಗಳಲ್ಲಿ 490 ಹರ್ಟ್ಝ್, ಬರೀ 256 ಮೆಟ್ಟಿಲು. 2015ರ ಐಟ್ರಿಪಲ್‌ಇ 1789 ಶಿಫಾರಸಿನಂತೆ ಪೂರ್ತಿ ಆನ್ ಆಫ್ ಆಗುವ ದೀಪಕ್ಕೆ 1250 ಹರ್ಟ್ಝ್ ಮೇಲಿದ್ದರೆ ಅಪಾಯ ಕಡಿಮೆ, 3000 ದಾಟಿದರೆ ಇನ್ನೂ ನಿಶ್ಚಿಂತೆ. 9ನೇ ಪಿನ್‌ನಲ್ಲಿರುವ ಟೈಮರ್1 16 ಬಿಟ್‌ನದು. ಪ್ರೀಸ್ಕೇಲರ್ (ಕ್ಲಾಕ್ ಭಾಗಿಸುವ ಸಂಖ್ಯೆ) 1, ಟಾಪ್ (ಎಣಿಕೆಯ ಕೊನೆ) 3999 ಕೊಡು. ಊನೊದ ಕ್ಲಾಕ್ 16 ಮೆಗಾಹರ್ಟ್ಝ್ ಭಾಗಿಸು 4000, ಅಂದರೆ 4 ಕಿಲೋಹರ್ಟ್ಝ್, ಮೆಟ್ಟಿಲೂ 4000. ಒಂದೇ ಏಟಿಗೆ ಎರಡೂ ಕಾಯಿಲೆ ವಾಸಿ.

ಜಿಗಿತದ ಕಾರಣ ಕಣ್ಣು. 256ರಲ್ಲಿ ಒಂದರಿಂದ ಎರಡಕ್ಕೆ ಹೋದರೆ ಬೆಳಕು ನೇರ ದುಪ್ಪಟ್ಟು. 200ರಿಂದ 201ಕ್ಕೆ ಹೋದದ್ದು ಯಾರಿಗೂ ಗೊತ್ತಾಗದು. ಬೆಳಕಿನ ಮೀಟರ್‌ನಲ್ಲಿ ಶೇ. 10 ಇರುವ ಬೆಳಕು ಕಣ್ಣಿಗೆ ಸುಮಾರು ಮೂರನೇ ಒಂದು ಭಾಗದಷ್ಟು ಕಾಣುತ್ತದೆ. ಹಾಗಾಗಿ ನಾಬ್ ಓದಿದ ಸಂಖ್ಯೆಯನ್ನು ನೇರ ಕೊಡಬೇಡ, ವರ್ಗ ಮಾಡಿ 4000ಕ್ಕೆ ಹೊಂದಿಸಿ ಕೊಡು. ಮೊದಲ ಹತ್ತಿಪ್ಪತ್ತು ಮೆಟ್ಟಿಲಲ್ಲಿ ದೀಪ ಹತ್ತದೇ ಇದ್ದರೆ ಗಾಬರಿ ಬೇಡ. ಒಂದು ಮೆಟ್ಟಿಲು ಮೈಕ್ರೊಸೆಕೆಂಡಿನ ಹದಿನಾರನೇ ಒಂದು ಭಾಗ, ಗೇಟ್ ತುಂಬುವಷ್ಟರಲ್ಲಿ ಪಲ್ಸ್ ಮುಗಿದಿರುತ್ತದೆ. ಹತ್ತುವ ಮೆಟ್ಟಿಲನ್ನೇ ಕನಿಷ್ಠ ಅಂತ ಇಟ್ಟುಕೋ.

ಪ್ರಶ್ನೆ (ಮೈಸೂರಿನಿಂದ):
ನಮ್ಮ ಮನೆಯಲ್ಲಿ ಡಿಮ್ಮರೇ ಇಲ್ಲ, ಆದರೂ ಸ್ವಿಚ್ ಆಫ್ ಮಾಡಿದ ಮೇಲೂ ದೇವರ ಮನೆ ಎಲ್‌ಇಡಿ ಮಂಕಾಗಿ ಉರಿಯುತ್ತೆ. ಅತ್ತೆಯವರು ಶುಭ ಅಂತಾರೆ!

ಉತ್ತರ:
ಅತ್ತೆಯವರ ಮಾತಿಗೆ ನಾನು ಅಡ್ಡ ಬರಲ್ಲ ಮೇಡಂ. ಸ್ವಿಚ್‌ನಲ್ಲಿ ಕೆಂಪು ಇಂಡಿಕೇಟರ್ ಇದೆಯಾ ನೋಡಿ. ಅದರ ಮೂಲಕ ಸೋರುವ ಚೂರು ಕರೆಂಟ್ ಡ್ರೈವರ್‌ನ ಕೆಪಾಸಿಟರ್ ತುಂಬುತ್ತದೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿ. ಆಮೇಲೂ ಉರಿದರೆ ಸ್ವಿಚ್ ಫೇಸ್ ಬದಲು ನ್ಯೂಟ್ರಲ್‌ನಲ್ಲಿ ಕೂತಿರುವ ಸಾಧ್ಯತೆ ಹೆಚ್ಚು. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರ್‌ನಲ್ಲಿ ಫೇಸ್ ಇರುತ್ತದೆ, ಬಲ್ಬ್ ಬದಲಾಯಿಸುವಾಗ ಶಾಕ್ ಹೊಡೆಯಬಹುದು. ವೈರ್‌ಮನ್ ಕರೆಸಿ, ಎಂಸಿಬಿ ಇಳಿಸಿ ಸರಿ ಮಾಡಿಸಿಬಿಡಿ. ಅಲ್ಲಿಯವರೆಗೆ ಆ ಹೋಲ್ಡರ್ ಮುಟ್ಟಬೇಡಿ.