ಪದ ಬೇಕು: ಬಟನ್, ಫೋಕಸ್, ಸ್ಕ್ರೀನ್ ರೀಡರ್ (ಓದುವುದಕ್ಕಲ್ಲ, ಕೇಳುವುದಕ್ಕೆ)

ಎಲ್ಲರಿಗೂ ನಮಸ್ಕಾರ.

ಸ್ಕ್ರೀನ್ ರೀಡರ್ (ಫೋನ್, ಕಂಪ್ಯೂಟರಿನಲ್ಲಿ ಇರುವುದನ್ನು ಕಣ್ಣು ಕಾಣದವರಿಗೆ ದನಿಯಲ್ಲಿ ಹೇಳುವ ತಂತ್ರಾಂಶ) ಬಳಸುವವರಿಗೆ ಬೇಕಾದ ನಾಲ್ಕೈದು ಪದಗಳ ಬಗ್ಗೆ ಕೇಳಬೇಕಿತ್ತು. ಎಲ್ಲಿ ಬಳಕೆಯಾಗುತ್ತದೆ ಅಂತ ಗೊತ್ತಿಲ್ಲದೆ ಪದ ಸೂಚಿಸುವುದು ಕಷ್ಟ, ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಕೆಲಸ ಐರೋಲಿಯಲ್ಲಿ, ವೆಬ್‌ಸೈಟ್‌ಗಳನ್ನು ಪರೀಕ್ಷೆ ಮಾಡುವುದು. ನಮ್ಮ ಸೋದರಮಾವ ಕುಂದಾಪುರದ ಕಡೆಯವರು, ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ 40 ವರ್ಷ ಕೂತವರು. ಈಗ ಗ್ಲುಕೋಮಾದಿಂದ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ಅವರ ಫೋನನ್ನು ಕನ್ನಡಕ್ಕೆ ಹಾಕಿ ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್) ಶುರುಮಾಡಿ ಕೊಟ್ಟೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದನ್ನು ಹೇಳುತ್ತದೆ, ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಇದನ್ನು ಅವರು ಎರಡೇ ದಿನದಲ್ಲಿ ಕಲಿತರು.

ಹೋದ ತಿಂಗಳು ಲೈಟ್ ಬಿಲ್ ಕಟ್ಟುವ ಸೈಟು ಹೊಸ ರೂಪಕ್ಕೆ ಬಂತು. ಹಳೆಯದರಲ್ಲಿ ಮಾವ ತಾವೇ ಕಟ್ಟುತ್ತಿದ್ದರು. ಹೊಸದರಲ್ಲಿ ಗ್ರಾಹಕ ನಂಬರ್ ಹಾಕಿ ಬೆರಳು ಸರಿಸಿದರೆ ‘ಬಟನ್’ ಅಂತು. ಮತ್ತೆ ಸರಿಸಿದರೆ ಮತ್ತೆ ‘ಬಟನ್’. ಮೂರನೆಯದೂ ‘ಬಟನ್’. “ಎಂತ ಬಟನ್ ಮಾರಾಯ್ತಿ, ಹೆಸರು ಹೇಳೂದಿಲ್ವಾ ಇದು?” ಅಂತ ಕೇಳಿದರು. ನಾನು ಹತ್ತಿರ ಹೋಗಿ ನೋಡಿದೆ. ಮೂರು ಚಿತ್ರ ಇದ್ದವು: ಒಂದು ಭೂತಗನ್ನಡಿ, ಒಂದು ಮನೆ, ಒಂದು ಬಾಣ. ಬಾಣ ಒತ್ತಿದರೆ ಮುಂದಿನ ಹಂತ. ಕಣ್ಣಿಗೆ ಎಲ್ಲ ಸ್ಪಷ್ಟ, ಆದರೆ ಸೈಟು ಮಾಡಿದವರು ಯಾವುದಕ್ಕೂ ಹೆಸರು ಕೊಟ್ಟಿರಲಿಲ್ಲ. ಬಾಣ ಒತ್ತಿದಾಗ ಪುಟದ ಮೇಲೆ ಇನ್ನೊಂದು ಪೆಟ್ಟಿಗೆ ತೆರೆದುಕೊಂಡಿತು, ಮೊತ್ತ ಸರಿಯಿದೆಯಾ ಅಂತ ಕೇಳುವುದಕ್ಕೆ. ಮಾವನ ಬೆರಳು ಮಾತ್ರ ಆ ಪೆಟ್ಟಿಗೆಯ ಹಿಂದಿನ ಪುಟದಲ್ಲೇ ಸುತ್ತುತ್ತಿತ್ತು, ಯಾಕಂದ್ರೆ ಪೆಟ್ಟಿಗೆ ತೆರೆದಿದೆ ಅಂತ ಫೋನಿಗೆ ಯಾರೂ ತಿಳಿಸಿರಲಿಲ್ಲ. ಅಷ್ಟರಲ್ಲಿ ಟೈಮ್ ಮುಗಿದು ಎಲ್ಲ ಮೊದಲಿಂದ ಶುರು. ಕೊನೆಗೆ ನಾನೇ ಕಟ್ಟಿದೆ. 40 ವರ್ಷ ಬೇರೆಯವರ ದುಡ್ಡು ಎಣಿಸಿದವರು ತಮ್ಮ ಮನೆಯ ಬಿಲ್ಲು ಕಟ್ಟೋಕೆ ಇನ್ನೊಬ್ಬರಿಗೆ ಕಾಯಬೇಕಾಯಿತು. ನನಗೆ ತುಂಬಾ ಸಂಕಟವಾಯಿತು.

ಅದಕ್ಕೇ ಮಾವನಿಗೆ ಮತ್ತು ಅವರ ಹಾಗೇ ಇರುವ ಇನ್ನು ಮೂರ್ನಾಲ್ಕು ಹಿರಿಯರಿಗೆ ಕನ್ನಡದಲ್ಲಿ ಪಾಠ ರೆಕಾರ್ಡ್ ಮಾಡುತ್ತಿದ್ದೇನೆ. ಅಲ್ಲಿ ಪದಗಳಿಗೆ ಸಿಕ್ಕಿಕೊಂಡೆ.

ಮೊದಲನೆಯದು, ‘ಸ್ಕ್ರೀನ್ ರೀಡರ್’. ‘ತೆರೆ ಓದುಗ’, ‘ಪರದೆ ಓದುಗ’, ‘ಪರದೆ ವಾಚಕ’ ಮೂರನ್ನೂ ನೋಡಿದ್ದೇನೆ. ‘ತೆರೆ’ ಕಿವಿಗೆ ಬಿದ್ದಾಗ ‘ಬಾಗಿಲು ತೆರೆ’ ಅನ್ನುವ ತೆರೆಯೂ ಆಗುತ್ತದೆ, ಸಮುದ್ರದ ತೆರೆಯೂ ಆಗುತ್ತದೆ. ಅದೂ ಕರಾವಳಿಯವರಿಗೆ! ‘ಓದುಗ’, ‘ವಾಚಕ’ ಎರಡೂ ಮನುಷ್ಯರಿಗೆ ಹೇಳುವ ಮಾತು. ಮರಾಠಿಯಲ್ಲೂ ವಾಚಕ ಅಂದ್ರೆ ಓದುವ ಮನುಷ್ಯನೇ. ಸಾಧನಕ್ಕೆ ನಮ್ಮಲ್ಲಿ ಬಾಚಣಿಗೆ, ಬೀಸಣಿಗೆ ಇವೆ, ಹಾಗೆ ‘ಓದಣಿಗೆ’ ಮಾಡಬಹುದಾ ಅಂತ ಯೋಚಿಸಿದೆ. ಆದರೆ ಬರವಣಿಗೆ, ಮೆರವಣಿಗೆ ಇವು ಸಾಧನ ಅಲ್ಲ, ಕೆಲಸದ ಹೆಸರು. ಓದಣಿಗೆ ಅಂದ್ರೆ ಜನ ಓದುವ ಕ್ರಿಯೆ ಅಂತಲೇ ತಿಳಿದುಕೊಳ್ಳಬಹುದು.

ಇನ್ನೂ ಒಂದು ತೊಡಕಿದೆ. ಈಗಿನ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಪರದೆಯನ್ನು ಓದುವುದೇ ಇಲ್ಲ. ಕಂಪ್ಯೂಟರ್ ಪರದೆಯಲ್ಲಿ ಬರೀ ಅಕ್ಷರಗಳಿದ್ದ ಡಾಸ್ ಕಾಲದಲ್ಲಿ ಓದುತ್ತಿತ್ತು. 1989ರಲ್ಲಿ, ಸ್ವತಃ ಕಣ್ಣು ಕಳೆದುಕೊಂಡಿದ್ದ ಟೆಡ್ ಹೆಂಟರ್ ಅವರ ಕಂಪನಿಯಿಂದ ಜಾಸ್ ಅನ್ನುವ ಸ್ಕ್ರೀನ್ ರೀಡರ್ ಬಂದಾಗ ಪರದೆ ಅಂದ್ರೆ 25 ಸಾಲು, ಸಾಲಿಗೆ 80 ಅಕ್ಷರ. ಅದರಲ್ಲಿದ್ದ ಅಕ್ಷರಗಳನ್ನೇ ಎತ್ತಿ ಗಟ್ಟಿಯಾಗಿ ಹೇಳಿದರೆ ಸಾಕಿತ್ತು. ಈಗ ಬ್ರೌಸರ್ ಒಂದೇ ಪುಟವನ್ನು ಎರಡು ರೀತಿಯಲ್ಲಿ ಕಟ್ಟುತ್ತದೆ. ಒಂದು ಕಣ್ಣಿಗೆ ಕಾಣುವ ಚಿತ್ರ. ಇನ್ನೊಂದು, ಇದು ಬಟನ್, ಇದರ ಹೆಸರು ಇದು, ಇದು ತಲೆಬರಹ, ಇದು ಪಟ್ಟಿ ಅಂತ ಬರೆದಿಟ್ಟ ವಿವರ. ಸ್ಕ್ರೀನ್ ರೀಡರ್ ಕೈಹಾಕುವುದು ಈ ಎರಡನೆಯದಕ್ಕೆ. ಬಟನ್ ಅನ್ನು ಎಚ್‌ಟಿಎಂಎಲ್‌ನ (ವೆಬ್ ಪುಟ ಬರೆಯುವ ಭಾಷೆಯ) ಬಟನ್ ಆಗಿಯೇ ಬರೆದಿದ್ದರೆ ಆ ವಿವರ ತಾನಾಗಿ ಬರುತ್ತದೆ. ಬರೀ ಒಂದು ಡಬ್ಬಿ ಮಾಡಿ, ಬಣ್ಣ ಬಳಿದು, ಮೂಲೆ ದುಂಡಗೆ ಮಾಡಿ ಬಟನ್ ಥರ ಕಾಣಿಸಿದರೆ ವಿವರದಲ್ಲಿ ಅದು ಬಟನ್ ಅಂತ ಇರುವುದಿಲ್ಲ. ಎನ್‌ವಿಡಿಎ (ಕಂಪ್ಯೂಟರಿನ ಒಂದು ಸ್ಕ್ರೀನ್ ರೀಡರ್) ಅಂಥದ್ದನ್ನು ಬಟನ್ ಅನ್ನದೆ ‘ಕ್ಲಿಕೆಬಲ್’ (ಒತ್ತಬಹುದಾದದ್ದು) ಅಂತ ಮಾತ್ರ ಹೇಳುತ್ತದೆ.

ಇದನ್ನೆಲ್ಲ ಮಾವನಿಗೆ ಹೇಳಿದಾಗ ಅವರು, “ಓದೂದು ನಾನಲ್ದಾ? ಅದು ಹೇಳೂದು ಮಾತ್ರ” ಅಂದರು. ನನಗೆ ಆ ಮಾತು ತುಂಬಾ ಸರಿ ಅನ್ನಿಸಿತು. ಆದರೂ ಈ ಒಂದು ಹೆಸರಿನ ಮಟ್ಟಿಗೆ ಸುಮ್ನೆ ‘ಸ್ಕ್ರೀನ್ ರೀಡರ್’ ಅಂತಲೇ ಇಟ್ಟುಕೊಳ್ಳೋಣ ಅಂತ ನನ್ನ ಅಭಿಪ್ರಾಯ. ಆ ಹೆಸರು ದಿನಕ್ಕೊಂದು ಸಲ ಬಾಯಿಗೆ ಬಂದರೆ ಹೆಚ್ಚು. ದಿನಕ್ಕೆ ನೂರು ಸಲ ಕಿವಿಗೆ ಬೀಳುವುದು ಬಟನ್, ಲಿಂಕ್ ಇಂಥವು. ತಲೆ ಕೆಡಿಸಿಕೊಳ್ಳಬೇಕಾದ್ದು ಅಲ್ಲಿ.

ಬಟನ್‌ಗೆ ‘ಗುಂಡಿ’, ಲಿಂಕ್‌ಗೆ ‘ಕೊಂಡಿ’ ಅಂತ ಸಾಕಷ್ಟು ಕಡೆ ಇದೆ. ಕಾಗದದ ಮೇಲೆ ಎರಡೂ ಚೆನ್ನಾಗಿವೆ, ಕೊಂಡಿಯಂತೂ ಅಪ್ಪಟ ಕನ್ನಡ. ನಮ್ಮ ಆಫೀಸಿನಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಸಹೋದ್ಯೋಗಿ ಇದ್ದಾರೆ, ಧಾರವಾಡದವರು. ಎನ್‌ವಿಡಿಎಯನ್ನು ಅವರು ಕೇಳುವ ವೇಗದಲ್ಲಿ ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಅದರ ಜೊತೆ ಬರುವ ಇ-ಸ್ಪೀಕ್‌ನ ಕನ್ನಡ ದನಿಯಲ್ಲಿ ಈ ಪದಗಳನ್ನು ಅವರ ವೇಗದಲ್ಲೇ ಓದಿಸಿದೆ. “ಗುಂಡಿ, ಕೊಂಡಿ ಎರಡೂ ಒಂದ ಕೇಳಸ್ತಾವ ನೋಡ್ರಿ” ಅಂದರು. ನಾನು ಅಲ್ಲಿಯವರೆಗೆ ಈ ಪದಗಳನ್ನು ಕಣ್ಣಿನಿಂದಲೇ ತೂಗುತ್ತಿದ್ದೆ. ಕೇಳುವವರು ಪದದ ಮೊದಲ ಸದ್ದು ಬಿದ್ದ ಕೂಡಲೇ ಅದೇನು ಅಂತ ತಿಳಿದು ಮುಂದೆ ಹೋಗುತ್ತಾರೆ. ಇಲ್ಲಿ ಗು ಮತ್ತು ಕೊ ತೀರಾ ಹತ್ತಿರ, ಮಿಕ್ಕಿದ್ದೆಲ್ಲ ಒಂದೇ. ಅದರ ಮೇಲೆ, ಮಳೆಗಾಲದಲ್ಲಿ ಈ ಊರಿನ ರಸ್ತೆಯಲ್ಲಿ ಫೋನ್ ಹಿಡಿದು ಕೋಲು ಊರಿ ನಡೆಯುವವರ ಕಿವಿಯಲ್ಲಿ ‘ಗುಂಡಿ’ ಅಂದರೆ ಅವರು ನಿಂತೇ ಬಿಡುತ್ತಾರೆ, ಅಲ್ವಾ? ಹಾಗಾಗಿ ಬಟನ್ ಬಟನ್ ಆಗಿಯೇ ಇರಲಿ, ಕೊಂಡಿ ಕೊಂಡಿಯಾಗಿರಲಿ ಅನ್ನುವುದು ನನ್ನ ತೀರ್ಮಾನ. ‘ಪಟ್ಟಿ’ಯದ್ದೂ ಇದೇ ಕಷ್ಟ. ಲಿಸ್ಟಿಗೂ ಪಟ್ಟಿ, ಮೆನುವಿಗೂ ಪಟ್ಟಿ, ಮೇಲಿನ ಬಾರ್‌ಗೂ ಪಟ್ಟಿ. ಲಿಸ್ಟಿಗೆ ಮಾತ್ರ ಉಳಿಸಿಕೊಳ್ಳುವುದು ವಾಸಿ.

ಬಟನ್‌ಗೆ ಕೊಡುವ ಹೆಸರಿಗೆ, ಅಂದ್ರೆ ಲೇಬಲ್‌ಗೆ, ‘ಹಣೆಪಟ್ಟಿ’ ಬೇಡ. ಹಣೆಪಟ್ಟಿ ಕಟ್ಟುವುದು ಅಂದ್ರೆ ದೂಷಿಸಿದ ಹಾಗೆ. ಅಡುಗೆಮನೆಯಲ್ಲಿ ಒಂದೇ ಥರದ ಡಬ್ಬಿಗಳಿಗೆ ಅಂಟಿಸುತ್ತೇವಲ್ಲ, ಕೊತ್ತಂಬರಿ, ಮೆಂತ್ಯ ಅಂತ ಬರೆದ ಚೀಟಿ, ಆ ‘ಚೀಟಿ’ ಹೇಗೆ? ‘ಚೀಟಿ ಇಲ್ಲದ ಬಟನ್’ ಅಂದಾಗ ಅತ್ತೆಗೆ ತಕ್ಷಣ ಅರ್ಥವಾಯಿತು. ಮಾವ ಒಮ್ಮೆ ‘ಮೂಗ ಬಟನ್’ ಅಂದಿದ್ದರು. ಆ ಪದ ಮಾತು ಬಾರದವರಿಗೆ ನೋವಾಗುವಂಥದ್ದು, ಬಿಡೋಣ ಅಂದೆ. ಒಪ್ಪಿದರು.

ಈಗ ನನ್ನ ಮುಖ್ಯ ಪ್ರಶ್ನೆ, ‘ಫೋಕಸ್’. ಪುಟದಲ್ಲಿ ನಾವೀಗ ಯಾವ ವಸ್ತುವಿನ ಮೇಲಿದ್ದೇವೆ ಅನ್ನುವುದು. ‘ಗಮನ’, ‘ಲಕ್ಷ್ಯ’ ಎರಡೂ ಮನಸ್ಸಿನ ಕಡೆಗೆ ಹೋಗುತ್ತವೆ. ‘ಕೇಂದ್ರಬಿಂದು’ ಉದ್ದವಾಯಿತು, ಕನ್ನಡಕದ ಅಂಗಡಿಯ ಮಾತಿನ ಹಾಗಿದೆ. ಪೆಟ್ಟಿಗೆಯ ಹಿಂದೆ ಸಿಕ್ಕಿಕೊಂಡ ದಿನ ಮಾವ ಪದೇ ಪದೇ ಕೇಳಿದ್ದು “ನಾನೀಗ ಎಲ್ಲಿ ನಿಂತಿದ್ದೇನೆ?” ಅಂತ. ಅದರಿಂದ ನನಗೆ ‘ನೆಲೆ’ ಹೊಳೆಯಿತು. ನೆಲೆ ಅಂದ್ರೆ ನಿಂತ ಜಾಗ. ನೆಲೆ ಸರಿಯಿತು, ನೆಲೆ ತಪ್ಪಿತು, ನೆಲೆ ಪೆಟ್ಟಿಗೆಯೊಳಗೆ ಹೋಗಲಿಲ್ಲ ಅಂತೆಲ್ಲ ಹೇಳಬಹುದು. ‘ನೆಲೆ ತಪ್ಪು’ ಅನ್ನುವುದು ಹೇಗೂ ಬಳಕೆಯಲ್ಲೇ ಇದೆ. ಹೊಸ ಸೈಟುಗಳಲ್ಲಿ ಆಗುವ ಅರ್ಧ ತೊಂದರೆಗೆ ಇದೇ ಹೆಸರು ಸಾಕು: ಪುಟ ಪೂರ್ತಿ ಹೊಸದಾಗಿ ಬರುವುದಿಲ್ಲ, ಒಂದು ತುಂಡು ಮಾತ್ರ ಬದಲಾಗುತ್ತದೆ, ಕೇಳುವವರು ನಿಂತಿದ್ದ ವಸ್ತುವೇ ಮಾಯವಾಗಿ ಅವರು ಪುಟದ ತುದಿಗೆ ಹೋಗಿ ಬೀಳುತ್ತಾರೆ.

ಹಾಗೆ ತಾನಾಗಿ ಬದಲಾಗುವ ಜಾಗಗಳನ್ನು ಮೊದಲೇ ಗುರುತು ಮಾಡಿಡುವುದಕ್ಕೆ ಏರಿಯಾ (ARIA) ಅನ್ನುವ ನಿಯಮಗಳಿವೆ, ಅದರ ಮೊದಲ ಆವೃತ್ತಿ 2014ರಲ್ಲಿ ಪಕ್ಕಾ ಆಯಿತು. ಅದರಲ್ಲಿ ಬದಲಾವಣೆಯನ್ನು ಹೇಳುವ ರೀತಿ ಎರಡು, ಇಂಗ್ಲಿಷಿನಲ್ಲಿ ಪೊಲೈಟ್ ಮತ್ತು ಅಸರ್ಟಿವ್. ‘ವಿನಯ’, ‘ದೃಢ’ ಅಂತ ಅನುವಾದ ಮಾಡಿದರೆ ಏನೂ ತಿಳಿಯುವುದಿಲ್ಲ. ಮೊದಲನೆಯದು ಹೇಳುತ್ತಿರುವ ಮಾತು ಮುಗಿಯುವವರೆಗೆ ಕಾದು ಹೇಳುವುದು, ಎರಡನೆಯದು ನಡುವೆ ಬಾಯಿ ಹಾಕುವುದು. ನಾನು ‘ಕಾದು ಹೇಳು’, ‘ಬಾಯಿ ಹಾಕು’ ಅಂತ ಬರೆದುಕೊಂಡಿದ್ದೇನೆ. ‘ಬಾಯಿ ಹಾಕು’ ತೀರಾ ಒರಟಾಯಿತಾ? ಆದರೆ ಅದು ಮಾಡುವುದು ಅದನ್ನೇ.

ಇನ್ನೊಂದು, ‘ವೇಷ’. ನಮ್ಮ ಊರಿನ ಸಂಘದ ಪತ್ರಿಕೆಯ ಪಿಡಿಎಫ್ ಅನ್ನು ಆ ಧಾರವಾಡದ ಸಹೋದ್ಯೋಗಿಗೆ ಕಳಿಸಿದ್ದೆ. ‘ಕನ್ನಡ’ ಅಂತ ಇರುವ ಕಡೆ ಅವರಿಗೆ ಕೇಳಿದ್ದು “ಪಿ, ಎ ಗ್ರೇವ್, ಪೌಂಡ್...” ಅದು ಹಳೆಯ ನುಡಿ ಫಾಂಟಿನಲ್ಲಿದ್ದ ಪುಟ. ಒಳಗಿರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆ, ಮೇಲೆ ಕಾಣುವುದು ಮಾತ್ರ ಕನ್ನಡ. ಯುನಿಕೋಡ್ ಆಗಿದ್ದರೆ ಒಳಗೂ ಕನ್ನಡವೇ ಇರುತ್ತಿತ್ತು. ಇದನ್ನು ಕೇಳಿ ಮಾವ “ಹಾಗಾದ್ರೆ ಅಕ್ಷರ ವೇಷ ಹಾಕಿದೆ” ಅಂದರು, ಯಕ್ಷಗಾನ ನೋಡಿ ಬೆಳೆದವರು. ಬಟನ್ ಥರ ಬಣ್ಣ ಬಳಿದುಕೊಂಡ ಡಬ್ಬಿಗೂ ಇದೇ ಮಾತು ಹೊಂದುತ್ತದೆ. ‘ವೇಷದ ಬಟನ್’, ‘ವೇಷದ ಅಕ್ಷರ’. ಎರಡರಲ್ಲೂ ಕಣ್ಣಿಗೆ ಒಂದು, ಒಳಗೆ ಇನ್ನೊಂದು. ನನಗಿರುವ ಅನುಮಾನ ಏನಂದ್ರೆ, ಮೇಳದಲ್ಲಿ ವೇಷ ಅನ್ನುವುದು ಗೌರವದ ಮಾತು. ಅದನ್ನು ಇಲ್ಲಿ ದೋಷಕ್ಕೆ ಹೆಸರಿಟ್ಟರೆ ಯಾರಿಗಾದರೂ ಬೇಸರವಾಗುತ್ತದಾ? ದಕ್ಷಿಣ ಕನ್ನಡ, ಉಡುಪಿ ಕಡೆಯವರು ದಯವಿಟ್ಟು ಹೇಳಿ.

‘ಆಕ್ಸೆಸಿಬಿಲಿಟಿ’ಗೆ ‘ಪ್ರವೇಶಸಾಧ್ಯತೆ’ ನನಗೆ ಇಷ್ಟವಿಲ್ಲ. 2015ರ ಸರ್ಕಾರಿ ಯೋಜನೆಯಿಂದ ‘ಸುಗಮ್ಯ’ ಬಂತು, ಆದರೆ ಮನೆಮಾತಾಗಲಿಲ್ಲ. ‘ಎಟಕು’ ಸಾಕಲ್ವಾ? ಈ ಪುಟ ಎಟಕುತ್ತದೆ, ಆ ಪುಟ ಎಟಕುವುದಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಈ ವಾಕ್ಯವನ್ನು ಮಾವನಿಗೆ ಎರಡನೇ ಸಲ ವಿವರಿಸಬೇಕಾಗಲಿಲ್ಲ.

ಮುಂದಿನ ಪಾಠವನ್ನು ಭಾನುವಾರ ರೆಕಾರ್ಡ್ ಮಾಡುತ್ತೇನೆ. ಅದರೊಳಗೆ ‘ನೆಲೆ’ ಮತ್ತು ‘ವೇಷ’ದ ಬಗ್ಗೆ ತಿಳಿಸಿದರೆ ಉಪಕಾರ. ‘ನೆಲೆ’ಗಿಂತ ಒಳ್ಳೆಯದು ಯಾರ ಊರಿನಲ್ಲಾದರೂ ಇದ್ದರೆ ಅದನ್ನೂ ಕಳಿಸಿ. ಕಳಿಸುವ ಮೊದಲು ಮನೆಯಲ್ಲಿ ಯಾರಿಂದಲಾದರೂ ಆ ಪದವನ್ನು ಬಟನ್, ಕೊಂಡಿ, ಪಟ್ಟಿ, ಚೀಟಿ ಇವುಗಳ ನಡುವೆ ಸೇರಿಸಿ ಬೇಗ ಬೇಗ ಹೇಳಿಸಿ, ಕಣ್ಣು ಮುಚ್ಚಿ ಕೇಳಿ, ಬೇರೆಯಾಗಿ ಕೇಳಿಸಿತಾ ಇಲ್ವಾ ಅಂತ ಜೊತೆಗೆ ಬರೆಯಿರಿ.