ಶೀರ್ಷಿಕೆಗೂ ಲೋಗೋಗೂ ‘ಬಲೂ ತಮ್ಮ’ ಒಂದೇ ಸಾಕೇ?

ಅಚ್ಚುಮೊಳೆ: ಕನ್ನಡ ಶೀರ್ಷಿಕೆಗೆ ಬಲೂ ತಮ್ಮ ಬಿಟ್ಟು ಬೇರೆ ಫಾಂಟ್ ಹುಡುಕೋದು ಕಾಲಹರಣ. ಫಾಂಟ್ ತಯಾರಿಸುವ ಏಕ್ ಟೈಪ್ ಸಂಸ್ಥೆಯವರು ದೊಡ್ಡ ಅಕ್ಷರಕ್ಕೆಂದೇ ಮಾಡಿದ್ದು. ದುಂಡು ತುದಿ, ದಪ್ಪ ಗೆರೆ, ದೂರದಿಂದಲೇ ಕಣ್ಣು ಸೆಳೆಯುತ್ತೆ. ಪೋಸ್ಟರಿಗೂ ಅದೇ, ಬ್ರ್ಯಾಂಡಿಗೂ ಅದೇ.

ಒತ್ತಕ್ಷರ: ದೂರದಿಂದ ಕಾಣೋದು ಕಪ್ಪು ಮುದ್ದೆ. ‘ರಾಷ್ಟ್ರ’ ಅಂತ ಬರೆದು ನೋಡಿ. ಷ ಅಕ್ಷರಕ್ಕೆ ಟ ಒತ್ತು, ಅದಕ್ಕಂಟಿ ರ ಒತ್ತು. ಗೆರೆ ದಪ್ಪವಾದಷ್ಟೂ ಒಳಗಿನ ಬಿಳಿ ಜಾಗ ಮುಚ್ಚುತ್ತೆ. ಎರಡು ಸಾಲಾದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ಬಡಿಯುತ್ತೆ. ಇಂಗ್ಲಿಷಿನ ಇಂಪ್ಯಾಕ್ಟ್ ಫಾಂಟ್‌ನಲ್ಲಿ ಕ್ಯಾಪಿಟಲ್ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು, ಕೆಳಗೆ ಇಳಿಯೋದು ಹೆಚ್ಚುಕಡಿಮೆ ಏನೂ ಇಲ್ಲ.

ಅಚ್ಚುಮೊಳೆ: ಇಂಪ್ಯಾಕ್ಟ್ ಯಾಕೆ ಎಳೆದು ತಂದ್ರಿ? ಅದು 1965ರಲ್ಲಿ ಜೆಫ್ರಿ ಲೀ ಲೋಹದ ಮೊಳೆಗೆ ಬರೆದದ್ದು. ಸಾಲು ತಾಗಿದರೆ ಅಂತರ ಹೆಚ್ಚಿಸಿ. ಅದು ಫಾಂಟಿನ ತಪ್ಪಲ್ಲ, ಪುಟ ಕಟ್ಟುವವರ ಸೋಮಾರಿತನ.

ಪುಟದವಳು: ಸೋಮಾರಿತನವಾ? ಅಂತರ ಹೆಚ್ಚಿಸಿದರೆ ಒಂದೇ ಶೀರ್ಷಿಕೆ ಎರಡು ಸುದ್ದಿಯಂತೆ ಒಡೆದು ಕಾಣುತ್ತೆ, ದಿನಾ ಇದನ್ನೇ ಮಾಡೋರಿಗೆ ಗೊತ್ತು. ಅನೇಕ್ ಕನ್ನಡ ಫಾಂಟ್ ನೋಡಿ, ಅದೂ ಏಕ್ ಟೈಪ್‌ನವರದೇ. ತೂಕ, ಅಂದರೆ ಗೆರೆಯ ದಪ್ಪ, 100ರಿಂದ 800; ಅಗಲ ಶೇ. 75ರಿಂದ 125. ಉದ್ದದ ಶೀರ್ಷಿಕೆಗೆ ಅಗಲ ಇಳಿಸಿದರಾಯ್ತು, ಅಕ್ಷರ ಹಿಂಡಬೇಕಿಲ್ಲ. ಎರಡೂ ಉಚಿತ.

ಲಾಂಛನ: ‘ಉಚಿತ’ ಅನ್ನೋದೇ ಅಪಾಯ. ಓಪನ್ ಫಾಂಟ್ ಲೈಸೆನ್ಸ್ (ಉಚಿತ ಫಾಂಟುಗಳ ಬಳಕೆಯ ಪರವಾನಗಿ) ಇರೋ ಫಾಂಟಲ್ಲಿ ಲೋಗೋ ಮಾಡಿದರೆ ಲೋಗೋನೂ ಊರಿನ ಸ್ವತ್ತು. ಮಾರಬಾರದು ಅಂತ ಅದರಲ್ಲೇ ಬರೆದಿದೆ.

ಪುಟದವಳು: ಪೂರ್ತಿ ಓದಿ ಸರ್. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರಬಾರದು ಅಂತಿದೆ. ಫಾಂಟ್ ಇದೇ ಲೈಸೆನ್ಸ್‌ನಲ್ಲೇ ಉಳಿಯಬೇಕು ಅನ್ನೋ ಷರತ್ತು ಅದನ್ನು ಬಳಸಿ ತಯಾರಿಸಿದ ದಾಖಲೆಗೆ ಅನ್ವಯಿಸೋದಿಲ್ಲ ಅಂತಲೂ ಇದೆ.

ಲಾಂಛನ: ದಾಖಲೆ ಅಂದಿದೆ, ಲೋಗೋ ಅಂದಿಲ್ಲ! ನಾವು ಕ ಅಕ್ಷರದ ತಲೆಕಟ್ಟು ತಿದ್ದುತ್ತೇವೆ. ಆಗ ಅದು ಮಾರ್ಪಾಡು, ಹೆಸರೂ ಬದಲಿಸಬೇಕು.

ಒತ್ತಕ್ಷರ: ಔಟ್‌ಲೈನ್ ಮಾಡಿ ಚಿತ್ರವಾಗಿ ತಿದ್ದೋದೇ ಬೇರೆ, ಫಾಂಟ್ ಫೈಲನ್ನೇ ತಿದ್ದಿ ಹಂಚೋದೇ ಬೇರೆ. ಹೆಸರಿನ ಷರತ್ತು ಎರಡನೆಯದಕ್ಕೆ ಮಾತ್ರ, ಅದೂ ಮೂಲದವರು ಹೆಸರು ಕಾಯ್ದಿರಿಸಿದ್ದರೆ.

ಲಾಂಛನ: ‘ಮಾತ್ರ’ ಅಂತ ತೀರ್ಪು ಕೊಡೋಕೆ ನೀವೇನು ವಕೀಲರಾ? ನಾಳೆ ಇನ್ನೊಬ್ಬ ಅದೇ ಅಕ್ಷರದಲ್ಲಿ ಲೋಗೋ ಮಾಡಿದರೆ ಹೊಣೆ ಯಾರು?

ಪುಟದವಳು: ದುಡ್ಡು ಕೊಟ್ಟು ತಗೊಂಡ ಫಾಂಟನ್ನೂ ಇನ್ನೊಬ್ಬ ತಗೋಬಹುದು ಸ್ವಾಮಿ! ನಿಮಗೆ ಬೇಕಿರೋದು ನಿಮಗೊಬ್ಬರಿಗೇ ಬರೆದ ಅಕ್ಷರ. ಹಾಗಂತ ಹೇಳಿ, ಲೈಸೆನ್ಸ್ ಮೇಲೆ ಇಲ್ಲದ್ದು ಹೊರಿಸಬೇಡಿ.

ಲಾಂಛನ: ಬರೆಸೋ ಖರ್ಚು ನೀವು ಕೊಡ್ತೀರಾ?

ಅಚ್ಚುಮೊಳೆ: ಲೈಸೆನ್ಸ್ ಜಗಳ ಸಾಕು. ಅದರ ಹೊಸ ಆವೃತ್ತಿ ಬಲೂ ತಮ್ಮ 2ರಲ್ಲಿ ಐದು ತೂಕಗಳಿವೆ. ಒತ್ತು ಜಾಸ್ತಿ ಇರೋ ಸಾಲಿಗೆ ಒಂದು ಹಂತ ಇಳಿಸಿ, ಮುಗೀತು.

ಒತ್ತಕ್ಷರ: ‘ಇಳಿಸಿ’ ಅಂದ ಮೇಲೆ ಅತಿ ದಪ್ಪ ಎಲ್ಲ ಕಡೆ ನಡೆಯಲ್ಲ ಅಂತಾಯ್ತಲ್ಲ. ಗಾತ್ರ ಸಣ್ಣದಾದರೆ ಧ ಅಕ್ಷರದ ಹೊಟ್ಟೆಯ ಸೀಳು ಮುಚ್ಚಿ ದ ಆಗುತ್ತೆ. ‘ಧನ’ ಹೋಗಿ ‘ದನ’ ಆದ ಲೋಗೋ ಯಾರಿಗೆ ಬೇಕು?

ಅಚ್ಚುಮೊಳೆ: ಸಣ್ಣ ಗಾತ್ರದ ಮಾತು ನಾನು ಎತ್ತಿಯೇ ಇಲ್ಲ. 72 ಪಾಯಿಂಟಿನಲ್ಲಿ ಸೀಳು ಮುಚ್ಚೋದನ್ನ ತೋರಿಸಿ, ಆಮೇಲೆ ಮಾತಾಡೋಣ.

ಒತ್ತಕ್ಷರ: ಮೊಬೈಲ್ ಐಕಾನಿಗೆ 72 ಪಾಯಿಂಟ್ ಎಲ್ಲಿಂದ ತರ್ತೀರಿ? ಲೋಗೋ ಬದುಕಬೇಕಾದ್ದು ಆ ಬೆರಳಗಲದ ಜಾಗದಲ್ಲೇ.