ಇಂಧನಕ್ಕೆ ಮೊದಲೇ ಬೆಲೆ ಕಟ್ಟಿಕೊಂಡ ವಿಮಾನ ಸಂಸ್ಥೆ ಪೈಪೋಟಿಯಲ್ಲಿ ಗೆಲ್ಲುತ್ತದೆಯೇ?

ಪ್ರಶ್ನೆ: ಎಲ್ಲರೂ ಕೊಳ್ಳುವುದು ಒಂದೇ ಇಂಧನ. ಆದರೂ ತೈಲ ದುಬಾರಿಯಾದಾಗ ಕೆಲವು ಸಂಸ್ಥೆಗಳಷ್ಟೇ ತಡೆದುಕೊಳ್ಳುತ್ತವೆ. ಇದು ಹೆಡ್ಜಿಂಗ್‌ನ, ಅಂದರೆ ಮುಂದೆ ಬೇಕಾಗುವ ಇಂಧನಕ್ಕೆ ಒಪ್ಪಂದದ ಮೂಲಕ ಈಗಲೇ ಬೆಲೆ ಕಟ್ಟಿಕೊಳ್ಳುವುದರ ಫಲವೇ?

ಉತ್ತರ 1: ಬಹುಮಟ್ಟಿಗೆ ಹೌದು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಅಮೆರಿಕದ ಸೌತ್‌ವೆಸ್ಟ್ ವಿಮಾನ ಸಂಸ್ಥೆ ತನ್ನ ಆ ವರ್ಷದ ಇಂಧನದ ಸುಮಾರು ಶೇಕಡಾ 70 ಭಾಗಕ್ಕೆ 51 ಡಾಲರಿನ ಆಸುಪಾಸಿನಲ್ಲೇ ಬೆಲೆ ಕಟ್ಟಿಕೊಂಡಿತ್ತು. ಉಳಿದವರು ಮಾರ್ಗಗಳನ್ನು ಕಡಿತಗೊಳಿಸುತ್ತಿದ್ದಾಗ ಅದಕ್ಕೆ ಉಸಿರಾಡಲು ಜಾಗವಿತ್ತು.

ಉತ್ತರ 2: ಅದೇ ಡಿಸೆಂಬರ್‌ನಲ್ಲಿ ಬೆಲೆ 40 ಡಾಲರಿಗಿಂತ ಕೆಳಗಿಳಿದದ್ದನ್ನೂ ಹೇಳಬೇಕು. ನಾನು ಆಗ ಒಂದು ವಿಮಾನ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ನಾವು ಏರಿಕೆಗೆ ಹೆದರಿ ಬೆಲೆ ಕಟ್ಟಿಕೊಂಡೆವು. ಕಟ್ಟಿಕೊಳ್ಳದವರು ಅಗ್ಗದ ಇಂಧನ ತುಂಬಿಸಿ ನಮ್ಮ ಮಾರ್ಗದಲ್ಲೇ ದರ ಇಳಿಸಿದರು. ಇನ್ನೊಂದು ನೋವು: ನಮ್ಮ ಒಪ್ಪಂದ ಕಚ್ಚಾ ತೈಲದ್ದು, ಟ್ಯಾಂಕಿಗೆ ಬೀಳುವುದು ವಿಮಾನ ಇಂಧನ. ಎರಡರ ಅಂತರ ಹಿಗ್ಗಿದ ದಿನ ರಕ್ಷಣೆ ಅರೆಬರೆ. ಪ್ರತಿದಿನ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಆ ಅಂತರವನ್ನೇ.

ಪ್ರಶ್ನಿಸಿದವರು: ಹಾಗಾದರೆ ಹೆಡ್ಜಿಂಗ್ ಲಾಭ ಟಿಕೆಟ್ ದರಕ್ಕೆ ಇಳಿಯುವುದಿಲ್ಲವೇ?

ಉತ್ತರ 2: ಇಳಿಯಲೇಬೇಕೆಂದಿಲ್ಲ. ದರ ನಿಲ್ಲುವುದು ಆ ಮಾರ್ಗದಲ್ಲಿ ಎದುರಾಳಿ ಏನು ಕೇಳುತ್ತಾನೆ ಎಂಬುದರ ಮೇಲೆ. ಹೆಡ್ಜಿಂಗ್ ಕೊಡುವುದು ಸಮಯ. ಕೈಯಲ್ಲಿ ನಗದಿಲ್ಲದ ಸಂಸ್ಥೆಗೆ ಆ ಸಮಯ ಅತ್ಯಗತ್ಯ, ಆದರೆ ಒಪ್ಪಂದಕ್ಕೆ ಒತ್ತೆಯಿಡಲು ಅದರ ಬಳಿಯೇ ಹಣವಿರುವುದಿಲ್ಲ.